ಹಗೇವಿನ ಮೇಲಿನ ಮನೆ

ನಾವು ಊಟಕ್ಕೆ ಕೂರುತ್ತಿದ್ದ ಜಾಗದ ಕೆಳಗೆ ಊರಿನ ಜೋಳವಿತ್ತು. ಪಡಸಾಲೆಯ ನಡುವೆ ಒಂದು ಚೌಕದ ಬಂಡೆ, ಅದರ ಸುತ್ತ ಸಗಣಿ ಸಾರಿಸಿದ ಮಣ್ಣಿನ ಮೆತ್ತಿಗೆ. ಬಂಡೆ ಸರಿಸಿದರೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯಂತೆ ಅಗಲವಾಗುವ ಕುಣಿ. ಅದೇ ಹಗೇವು. ಗೋಡೆಗೆ ಜೋಳದ ಕಣಿಕೆ ಒತ್ತಿ, ಕಾಳು ತುಂಬಿ, ಗಾಳಿಯಾಡದಂತೆ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ನಮ್ಮ ಕಡೆ ದೊಡ್ಡ ಮನೆಗಳಲ್ಲೆಲ್ಲ ಹಗೇವು ಇರುತ್ತಿದ್ದವು. ನಮ್ಮದು ದೊಡ್ಡ ಮನೆಯಲ್ಲ. ಮುಂದೆ ದನ ಕಟ್ಟುವ ದಂದಕ್ಕಿ, ಆಮೇಲೆ ಪಡಸಾಲೆ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ನಾವು ಮಕ್ಕಳು ಮಲಗುವ ಒಂದು ಖೋಲಿ, ಮೇಲೆ ಮಣ್ಣಿನ ಮಾಳಿಗೆ. ಇಷ್ಟೇ. ಆದರೆ ಅಜ್ಜ ಯಾವ ಕಾಲದಲ್ಲಿ ಯಾವ ಹುಮ್ಮಸ್ಸಿನಲ್ಲಿ ತೋಡಿಸಿದ್ದರೋ, ಹಗೇವು ಮಾತ್ರ ಮನೆಗಿಂತ ದೊಡ್ಡದಿತ್ತು. ಅದನ್ನು ತುಂಬುವಷ್ಟು ಬೆಳೆ ನಮ್ಮ ಹೊಲದಲ್ಲಿ ಒಮ್ಮೆಯೂ ಬರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ದಾದಿ, ಅಂದರೆ ಅಬ್ಬಾ ಅವರ ತಾಯಿ, ಆ ಖಾಲಿ ಜಾಗಕ್ಕೆ ಒಂದು ಉಪಯೋಗ ಕಂಡುಕೊಂಡಳು.

ಆಗ ಮುಂಗಾರಿನ ತಿಂಗಳುಗಳಲ್ಲಿ ಊರಿನ ಅರ್ಧ ಮನೆಗಳಲ್ಲಿ ಉಣ್ಣುವ ಜೋಳ ತೀರಿಹೋಗುತ್ತಿತ್ತು. ಜನ ಶಹಾಪುರದ ಪೇಟೆಗೆ ಹೋಗಿ ಸವಾಯಿಯ ಮೇಲೆ ಕಾಳು ತರುತ್ತಿದ್ದರು. ಸವಾಯಿ ಎಂದರೆ ಒಯ್ದದ್ದಕ್ಕಿಂತ ಕಾಲು ಪಾಲು ಹೆಚ್ಚು ಸೇರಿಸಿ ಸುಗ್ಗಿಯಲ್ಲಿ ಹಿಂದಿರುಗಿಸುವುದು. ದಾದಿಯ ದೃಷ್ಟಿಯಲ್ಲಿ ಅದು ಸೂದ್, ಬಡ್ಡಿ. ಅವಳ ತಂದೆ ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಕುರಾನ್ ಓದಿಸುತ್ತಿದ್ದವರು. ಓದಿಸುವುದರ ಜೊತೆ ಅರ್ಥವನ್ನೂ ಹೇಳುತ್ತಿದ್ದರಂತೆ. ಬಡ್ಡಿ ತಿನ್ನುವುದು ಎಷ್ಟು ಪಾಪವೋ ಬಡ್ಡಿ ಕೊಡುವ ಸ್ಥಿತಿಗೆ ನೆರೆಯವನನ್ನು ಬಿಡುವುದೂ ನಮಗೆ ಒಳ್ಳೆಯದಲ್ಲ ಎಂಬುದು ಅವಳು ಅಲ್ಲಿಂದ ತಂದ ಮಾತು. ಅವಳು ಪಕ್ಕದ ಮನೆಯ ಶರಣಪ್ಪನನ್ನು ಕರೆಸಿ ಮಾತಾಡಿದಳು. ಶರಣಪ್ಪ ಲಿಂಗಾಯತ ರೈತ, ಮಾತು ಕಡಿಮೆ, ಊರಲ್ಲಿ ಅವನ ಮಾತಿಗೆ ತೂಕವಿತ್ತು. ಸುಗ್ಗಿಯಾದ ಮೇಲೆ ಮನಸ್ಸಿದ್ದವರು ತಮ್ಮ ಕೈಲಾದಷ್ಟು ಜೋಳ ನಮ್ಮ ಹಗೇವಿಗೆ ಹಾಕುವುದು, ಮುಂಗಾರಿನಲ್ಲಿ ಬೇಕಾದವರು ಒಯ್ಯುವುದು, ಒಯ್ದಷ್ಟನ್ನೇ ತಿರುಗಿ ತಂದು ಹಾಕುವುದು, ಒಂದು ಹಿಡಿಯೂ ಹೆಚ್ಚಿಲ್ಲ. ಹೀಗೆ ಸಂಘ ಶುರುವಾಯಿತು. ಅದಕ್ಕೆ ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಜನ ಹಗೇವಿನ ಸಂಘ ಎಂದರು.

ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅದರ ನಿಯಮಗಳೆಲ್ಲ ನಮ್ಮ ಮನೆಯ ನಿಯಮಗಳೇ ಆಗಿದ್ದವು. ಕಾಳು ಕೆಳಗೆ ಉದುರಿ, ಒಣಗಿ, ಇಲಿ ತಿಂದು ಒಂದಿಷ್ಟು ಕಡಿಮೆಯಾಗುತ್ತದಲ್ಲ, ಅದಕ್ಕೆ ಒಯ್ದವರ ಮೇಲೆ ಹೆಚ್ಚು ಹಾಕಬಹುದೇ ಎಂದು ಕೆಲವರು ಕೇಳಿದ್ದರಂತೆ. ದಾದಿ ಒಪ್ಪಲಿಲ್ಲ. ಒಯ್ಯಲಿ ಬಿಡಲಿ, ಎಲ್ಲ ಮನೆಯವರೂ ಒಂದೇ ಸಮ ಸ್ವಲ್ಪ ಕಾಳು ಸವಕಳಿಗೆಂದು ಬೇರೆ ಕೊಡಬೇಕು. ಅದರಲ್ಲಿ ಉಳಿದದ್ದು ಏನೂ ಇಲ್ಲದವರಿಗೆ. ಹೊಲವಿಲ್ಲದ ನಿಂಗಮ್ಮ, ನದಿ ದಂಡೆಯಲ್ಲಿ ಮೀನು ಹಿಡಿಯುವ ಮನೆತನದಿಂದ ನಮ್ಮೂರಿಗೆ ಸೊಸೆಯಾಗಿ ಬಂದು ವಿಧವೆಯಾದವಳು, ಕಾಳಿಗೆ ಬದಲು ದುಡಿಮೆ ಹಾಕಿ ಪಾಲುದಾರಳಾಗಿದ್ದಳು. ಹಗೇವಿನ ಒಳಗೋಡೆ ಮೆತ್ತುವುದು, ಕಣಿಕೆ ಒತ್ತುವುದು, ಬಂಡೆಯ ಸುತ್ತ ಸಾರಿಸುವುದು ಅವಳ ಕೆಲಸ. ತುಂಬುವ ದಿನ ದಾದಿ ಬಿಸ್ಮಿಲ್ಲಾ ಎಂದು ಮೊದಲ ಬೊಗಸೆ ಹಾಕುತ್ತಿದ್ದಳು. ಬಾಯಿ ಮುಚ್ಚಿದ ಮೇಲೆ ಶರಣಪ್ಪ ಬಂಡೆಗೆ ವಿಭೂತಿ ಹಚ್ಚಿ ಕಾಯಿ ಒಡೆಯುತ್ತಿದ್ದ. ಮಾರನೆಯ ದಿನದಿಂದ ಆ ವಿಭೂತಿಯ ಪಕ್ಕದಲ್ಲೇ ನಮ್ಮ ತಾಟುಗಳು. ಮನೆಯೊಳಗೆ ನಾವು ದಖನಿ ಆಡುತ್ತಿದ್ದೆವು, ಪಡಸಾಲೆಯಲ್ಲಿ ಕನ್ನಡ. ಸಂಘದ ಮಾತೆಲ್ಲ ಪಡಸಾಲೆಯಲ್ಲೇ ಆದ್ದರಿಂದ ನ್ಯಾಯ ಅನ್ಯಾಯದ ಮಾತು ನನಗೆ ಮೊದಲು ಕಿವಿಗೆ ಬಿದ್ದದ್ದು ಕನ್ನಡದಲ್ಲಿ.

ಎಲ್ಲಕ್ಕಿಂತ ಗಟ್ಟಿಯಾದ ನಿಯಮ ಅಮಾನತ್‌ನದು. ಇನ್ನೊಬ್ಬರು ನಂಬಿ ಇಟ್ಟದ್ದನ್ನು ಮುಟ್ಟಬಾರದು. ಒಮ್ಮೆ ಅಮ್ಮಾಳ ತವರಾದ ಬಳಿಚಕ್ರದಿಂದ ಹೇಳದೆ ಕೇಳದೆ ನೆಂಟರು ಬಂದಿಳಿದರು. ನಮ್ಮ ಜೋಳದ ಚೀಲ ಹಿಂದಿನ ದಿನವೇ ತಳ ಕಂಡಿತ್ತು. ನೆಂಟರು ಹಗೇವಿನ ಬಂಡೆಯ ಮೇಲೇ ಚಾಪೆ ಹಾಸಿಕೊಂಡು ಕೂತಿದ್ದರು. ಒಂದು ಬುಟ್ಟಿ ತೆಗೆದು ನಾಳೆ ಹಾಕಿದರಾಯಿತು ಎಂದು ಅಮ್ಮಾ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ದಾದಿ ನನ್ನ ಕೈಗೆ ಪಾತ್ರೆ ಕೊಟ್ಟು ಶರಣಪ್ಪನ ಮನೆಯಿಂದ ಹಿಟ್ಟು ಕಡ ತರಲು ಕಳಿಸಿದಳು. ಆ ದಿನ ನೆಂಟರು ಪುಂಡಿ ಪಲ್ಯ, ಶೇಂಗಾ ಹಿಂಡಿಯ ಜೊತೆ ಪಕ್ಕದ ಮನೆಯ ಹಿಟ್ಟಿನ ರೊಟ್ಟಿ ತಿಂದರು. ಅಮ್ಮಾ ಎರಡು ದಿನ ಅತ್ತೆಯ ಜೊತೆ ಮಾತು ಬಿಟ್ಟಳು. ತವರಿನವರ ಮುಂದೆ ತಲೆ ತಗ್ಗಿಸುವಂತಾಯಿತು ಎಂಬುದು ಅವಳ ಸಂಕಟ.

ಆಮೇಲೆ ಊರಿಗೆ ಕಾಲುವೆ ಬಂತು. ಅಷ್ಟು ವರ್ಷ ಮಳೆ ನಂಬಿ ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಿಗೆ ನೀರು ಹರಿದಾಗ ಆದ ಸಂಭ್ರಮವನ್ನು ನಾನು ಬಲ್ಲೆ. ಗಂಡಸರು ಬದು ಕಡಿದು ಮಡಿ ಕಟ್ಟಿದರು. ಎಂದೂ ಭತ್ತ ಕಾಣದವರು ಭತ್ತದ ಮಾತಾಡತೊಡಗಿದರು. ಹಬ್ಬಕ್ಕೊಮ್ಮೆ ಉಣ್ಣುತ್ತಿದ್ದ ಅನ್ನ ರಾತ್ರಿಯ ಊಟಕ್ಕೆ ಬಂತು. ಅನ್ನ ಉಂಡರೆ ಹೊಟ್ಟೆ ತುಂಬಿದಂತಾಗುವುದಿಲ್ಲ ಎಂದು ದಾದಿ ಗೊಣಗುತ್ತಾ ಒಂದು ರೊಟ್ಟಿಯನ್ನು ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದಳು. ಬಾವಿಗಳಲ್ಲಿ ನೀರು ಮೇಲೆ ಬಂತು. ಗಿಡ್ಡ ಹಗ್ಗವೇ ಸಾಕಾಯಿತೆಂದು ಹೆಂಗಸರು ನಕ್ಕರು. ಅದೇ ನೀರು ನೆಲದೊಳಗೆ ಇನ್ನೂ ಎಲ್ಲೆಲ್ಲಿ ಹೋಗುತ್ತದೆ ಎಂದು ಯಾರೂ ಯೋಚಿಸಲಿಲ್ಲ.

ಚಳಿಗಾಲದಲ್ಲಿ ದಾದಿ ಪಡಸಾಲೆಯಲ್ಲಿ ಮಲಗುತ್ತಿದ್ದಳು. ಅವಳ ಕೌದಿ ಮಡಿಸುವಾಗ ಅಮ್ಮಾಳಿಗೆ ಅಡಿಭಾಗ ತಣ್ಣಗೆ ಹತ್ತಿತು. ಮೂಸಿದರೆ ಬೂಷ್ಟಿನ ವಾಸನೆ. ಬಳಿಚಕ್ರದ ಒಣ ನೆಲದಲ್ಲಿ ಬೆಳೆದವಳು ಅವಳು, ಹಗೇವಿನ ಮೇಲಿನ ನೆಲ ಹೀಗಿರಬಾರದು ಎಂದು ಅನಿಸಿತು. ಅಬ್ಬಾ ಕೈಕಾಲು ತೊಳೆದು ಊಟಕ್ಕೆ ಕೂತಾಗ ಕೌದಿ ತಂದು ತೋರಿಸಿ, ಒಮ್ಮೆ ತೆಗೆಸಿ ನೋಡಬೇಕು ಎಂದಳು. ನಾನು ಅಲ್ಲೇ ಇದ್ದೆ. ಅಬ್ಬಾ ಇಡೀ ದಿನ ಮಡಿ ಸಮ ಮಾಡಿ ಬಂದಿದ್ದರು. ಭತ್ತದ ಕೆಲಸ ಮುಗಿಯಲಿ, ನೋಡೋಣ ಎಂದು ಹೇಳಿ ಬ್ಯಾಳಿ ಸಾರು ಕೇಳಿದರು. ಭತ್ತದ ಕೆಲಸ ಮುಗಿಯಿತು. ಅದರ ಹಿಂದೆಯೇ ಇನ್ನೊಂದು ಬಂತು. ಆಪಾಳ, ನನ್ನ ಅಕ್ಕನ, ನಿಕಾಹ್ ಮಾತು ಶುರುವಾಗಿತ್ತು, ಗಂಡಿನವರು ಶಹಾಪುರದವರು. ಅಮ್ಮಾ ಮತ್ತೆ ಹೇಳಲಿಲ್ಲ. ದಾದಿಯ ಹಾಸಿಗೆಯನ್ನು ಗೋಡೆಯ ಪಕ್ಕಕ್ಕೆ ಹಾಕಿದಳು.

ಮೃಗಶಿರಾ ಮಳೆ ಬಿದ್ದ ಮೇಲೆ ಹಗೇವು ತೆಗೆಯುವುದು ರೂಢಿ. ಆ ಬೆಳಿಗ್ಗೆ ಜನ ಚೀಲ, ಬುಟ್ಟಿ ಹಿಡಿದುಕೊಂಡು ಅಂಗಳದಲ್ಲಿ ಸೇರಿದ್ದರು. ಶರಣಪ್ಪನೂ ಅಬ್ಬಾ ಅವರೂ ಹಾರೆ ಹಾಕಿ ಬಂಡೆ ಸರಿಸಿದರು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಸ್ವಲ್ಪ ಹೊತ್ತು ಬಿಡುತ್ತಾರೆ, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಾರೆ. ದೀಪ ಇಳಿಸುವ ಮೊದಲೇ ವಾಸನೆ ಬಂತು. ಹುಳಿತ ಕಳ್ಳಿನಂಥ ವಾಸನೆ, ಅದರೊಳಗೆ ಸತ್ತದ್ದೇನೋ ಇದ್ದ ಹಾಗೆ. ಮೇಲಿನ ಒಂದು ಪದರ ಮಾತ್ರ ಕಾಳಿನ ಬಣ್ಣದಲ್ಲಿತ್ತು. ಕೆಳಗಿನದೆಲ್ಲ ಕಪ್ಪಾಗಿ, ಹೆಂಟೆ ಹೆಂಟೆಯಾಗಿ ಅಂಟಿಕೊಂಡಿತ್ತು. ತಳದಲ್ಲಿ ನೀರು ನಿಂತಿತ್ತು. ನಿಂಗಮ್ಮ ಬಾಯಿಯ ಬಳಿ ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆ ಮುರಿದು ನೋಡಿ ಕೆಳಗಿಟ್ಟಳು. ಯಾರೂ ಬೈಯಲಿಲ್ಲ, ಅಳಲಿಲ್ಲ. ಖಾಲಿ ಚೀಲಗಳನ್ನು ಮಡಿಸಿಕೊಂಡು ಒಬ್ಬೊಬ್ಬರಾಗಿ ಹೊರಟರು. ದನ ಕೂಡ ಆ ಕಾಳಿಗೆ ಬಾಯಿ ಹಾಕಲಿಲ್ಲ. ಕೊನೆಗೆ ಅದನ್ನು ತಿಪ್ಪೆಗೆ ಸುರಿದರು.

ಆ ಮಧ್ಯಾಹ್ನ ಯಾರೂ ಪಡಸಾಲೆಯಲ್ಲಿ ಉಣ್ಣಲಿಲ್ಲ. ಅಡುಗೆಮನೆಯ ಒಲೆಯ ಸುತ್ತ ಕೂತಾಗ ಅಬ್ಬಾ ತಮ್ಮ ತೀರ್ಮಾನ ಹೇಳಿದರು. ಕೆಟ್ಟದ್ದು ತಮ್ಮ ಮನೆಯಲ್ಲಿ, ತಮ್ಮನ್ನು ನಂಬಿ ಇಟ್ಟದ್ದು. ಅಷ್ಟನ್ನೂ ತಾವೇ ತುಂಬಿಕೊಡುತ್ತಾರೆ. ಮನೆಯ ಭತ್ತ ಮಾರಿ, ಸಾಲದಿದ್ದರೆ ಒಂದು ಎತ್ತು ಮಾರಿ ಜೋಳ ತಂದು ಹಂಚುತ್ತಾರೆ. ಆಪಾಳ ನಿಕಾಹ್‌ಗೆ ಇಟ್ಟದ್ದೂ ಅದರಲ್ಲಿ ಹೋಗುತ್ತದೆ ಎಂದು ಹೇಳುವ ಅಗತ್ಯವಿರಲಿಲ್ಲ. ಆಪಾ ಎದ್ದು ಖೋಲಿಗೆ ಹೋದಳು. ಅಬ್ಬಾ ಹೇಳಿದ ರೀತಿಯಲ್ಲಿ ದುಃಖಕ್ಕಿಂತ ಒಂದು ಬಗೆಯ ಗತ್ತು ಹೆಚ್ಚಾಗಿತ್ತು ಎಂದು ಈಗ ನೆನಪಿಸಿಕೊಂಡಾಗ ಅನಿಸುತ್ತದೆ. ದಾದಿ ಮೆಚ್ಚಿಕೊಳ್ಳಬಹುದು ಎಂದು ಅವರು ನಂಬಿದ್ದರು. ದಾದಿ ಕೈ ತೊಳೆದುಕೊಂಡು ಹೇಳಿದಳು:

“ನಿನ್ನ ತಪ್ಪು ಇದ್ರ ನೀ ತುಂಬಬೇಕು. ತಪ್ಪು ಇಲ್ಲಂದ್ರ ಎಲ್ಲಾರೂ ಕೂಡಿ ಹೊರಬೇಕು. ತಪ್ಪು ಇಲ್ದ ನೀ ಒಬ್ಬನೇ ತುಂಬಿದ್ರ ನಾಳಿಗಿ ಇವ್ರು ಪಾಲುದಾರರು ಉಳಿಯಂಗಿಲ್ಲ, ನಿನ್ನ ಬಾಗಲಾ ಕಾಯೋ ಮಂದಿ ಆಗ್ತಾರ. ಆಗ ನಿನಗೂ ಪ್ಯಾಟಿ ಸಾವ್ಕಾರಗೂ ಏನು ಫರಕ?”

ಹಾಗಾದರೆ ತಪ್ಪು ಇದೆಯೋ ಇಲ್ಲವೋ ಯಾರು ಹೇಳಬೇಕು ಎಂದು ಅಬ್ಬಾ ಸಿಟ್ಟಿನಲ್ಲೇ ಕೇಳಿದರು. ಅದು ಒಬ್ಬರು ಹೇಳುವಂಥದ್ದಲ್ಲ, ಮಶ್ವರಾ ಆಗಲಿ, ಎಲ್ಲರೂ ಕೂತು ಮಾತಾಡಲಿ ಎಂದಳು ದಾದಿ.

ಶುಕ್ರವಾರದ ನಮಾಜ್ ಮುಗಿದ ಮೇಲೆ ಜನ ಸೇರಿದರು. ಹಗೇವಿನ ಬಾಯಿ ತೆರೆದೇ ಇತ್ತು. ಅದರ ಸುತ್ತ ಗಂಡಸರು, ದಂದಕ್ಕಿಯ ಕಟ್ಟೆಯ ಮೇಲೆ ನಿಂಗಮ್ಮ ಮತ್ತು ಇನ್ನಿಬ್ಬರು ಹೆಂಗಸರು, ಗೋಡೆಗೆ ಒರಗಿ ದಾದಿ. ಅಮ್ಮಾ ಎಂದಿನಂತೆ ಅಡುಗೆಮನೆಯ ಬಾಗಿಲ ಹಿಂದೆ. ಹೊರಗಿನ ಗಂಡಸರ ಮುಂದೆ ಅವಳು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಬ್ಬಾ ತಾವೇ ಎಲ್ಲ ತುಂಬಿಕೊಡುವುದಾಗಿ ಮತ್ತೆ ಹೇಳಿದರು. ಕೆಲವರ ಮುಖ ಅರಳಿತು. ಬೇಡ ಎನ್ನುವಷ್ಟು ಕಾಳು ಯಾರ ಮನೆಯಲ್ಲೂ ಇರಲಿಲ್ಲ. ದಾದಿ ಕೈಯೆತ್ತಿ ತಡೆದು, ಮೊದಲು ಒಂದು ಮಾತು ಇತ್ಯರ್ಥವಾಗಲಿ ಎಂದಳು. ಅಮಾನತ್ ಇಟ್ಟುಕೊಂಡವನು ಗೊತ್ತಿದ್ದೂ ಅಲಕ್ಷ್ಯ ಮಾಡಿದ್ದರೆ ಅವನೇ ಹೊಣೆ. ಗೊತ್ತಿಲ್ಲದೆ ಆದದ್ದಾದರೆ ಲಾಭದಂತೆ ನಷ್ಟದಲ್ಲೂ ಎಲ್ಲರಿಗೂ ಪಾಲು. ಗವಾಹಿ, ಸಾಕ್ಷಿ ಹೇಳುವವರು ತಮ್ಮ ಮೇಲೆ ಬರಲಿ, ತಮ್ಮವರ ಮೇಲೆ ಬರಲಿ, ಇದ್ದದ್ದನ್ನು ಹೇಳಬೇಕು. ಇದು ನನ್ನ ಮಾತಲ್ಲ, ದೇವರ ಹುಕುಂ ಎಂದಳು. ಆಮೇಲೆ ಮಗನ ಕಡೆ ತಿರುಗಿ ನೆಲದಲ್ಲಿ ತೇವ ಇರುವುದು ಮೊದಲೇ ತಿಳಿದಿತ್ತೇ ಎಂದು ಕೇಳಿದಳು.

ಅಬ್ಬಾ ತಿಳಿದಿರಲಿಲ್ಲ ಎಂದರು. ಅವರು ಬೇಕೆಂದೇ ಸುಳ್ಳು ಹೇಳಿದರು ಎಂದು ನಾನು ಆಗಲೂ ಅಂದುಕೊಳ್ಳಲಿಲ್ಲ, ಈಗಲೂ ಇಲ್ಲ. ಅಡುಗೆಮನೆಯಿಂದ ಬಂದ ಮಾತು ಅವರ ಮಟ್ಟಿಗೆ ಮಾಹಿತಿಯಾಗಿರಲಿಲ್ಲ, ಮನೆಯ ಗೊಣಗಾಟವಾಗಿತ್ತು. ಇನ್ನೊಂದೂ ಇರಬಹುದು. ಕೊಡುಗೈಯವರಾಗಿ ತುಂಬಿಕೊಡಲು ಅವರು ತಯಾರಿದ್ದರು, ತಪ್ಪಿತಸ್ಥರಾಗಿ ಅಲ್ಲ. ಆಗ ಬಾಗಿಲ ಹಿಂದಿನಿಂದ ಅಮ್ಮಾಳ ದನಿ ಕೇಳಿತು:

“ನಾ ಹೇಳಿದ್ನಿ.”

ಎಲ್ಲರೂ ಬಾಗಿಲ ಕಡೆ ನೋಡಿದರು. ಮುಖ ಕಾಣುವ ಹಾಗೆ ಹೊರಗೆ ಬಂದು ಹೇಳು ಎಂದಳು ದಾದಿ. ಅಮ್ಮಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲು ದಾಟಿ ನಿಂತಳು. ಅವಳ ಕೈಗೆ ಹಿಟ್ಟು ಹತ್ತಿತ್ತು.

“ಸಂಕ್ರಾಂತಿ ಮುಗದ ಮ್ಯಾಲ ಹೇಳಿದ್ನಿ. ಕೌದಿ ಹಸಿ ಆಗ್ಯಾದ ಅಂತ ತಂದು ತೋರಿಸಿದ್ನಿ. ಭತ್ತ ಮುಗೀಲಿ, ನೋಡೂಣು ಅಂದ್ರು. ಒಮ್ಮಿ ಹೇಳಿ ನಾನೂ ಸುಮ್ಮ ಆದ್ನಿ. ಅದು ನನ್ನ ತಪ್ಪು.”

ಅಬ್ಬಾ ಅವರ ಮುಖವನ್ನು ನಾನು ನೋಡಲಿಲ್ಲ. ನನ್ನ ಕಣ್ಣು ಹಗೇವಿನ ಬಾಯಿಯ ಮೇಲಿತ್ತು. ಅಕಿ ಹೇಳಿದ್ದು ಖರೇ ಅದ, ಎಂದರು ಅಬ್ಬಾ. ಅಷ್ಟೇ ಎಂದು ನಾನು ತಿಳಿದಿದ್ದೆ. ಆದರೆ ಶರಣಪ್ಪ ತನ್ನದೂ ಒಂದು ಮಾತಿದೆ ಎಂದ. ತನ್ನ ಹಿತ್ತಲ ಬಾವಿಯಲ್ಲಿ ನೀರು ದಿನದಿನಕ್ಕೆ ಮೇಲೆ ಬರುವುದನ್ನು ತಾನು ಕಂಡಿದ್ದೆ, ಊರವರೆಲ್ಲ ಕಂಡಿದ್ದಾರೆ. ನೆಲದ ಕೆಳಗೆ ಅದೇ ನೀರು ಇರುತ್ತದೆಂದು ಯಾರಿಗೂ ಹೊಳೆಯಲಿಲ್ಲ ಎಂದರೆ ನಂಬುವ ಮಾತಲ್ಲ, ಭತ್ತದ ಖುಷಿಯಲ್ಲಿ ಯಾರಿಗೂ ನೋಡುವ ಮನಸ್ಸಿರಲಿಲ್ಲ ಎಂದ. ಎಷ್ಟು ಕಾಳು ಅಮ್ಮಾ ಹೇಳುವ ಮೊದಲು ಕೆಟ್ಟಿತು, ಎಷ್ಟು ಆಮೇಲೆ ಕೆಟ್ಟಿತು ಎಂದು ಬೇರ್ಪಡಿಸುವುದು ಸಾಧ್ಯವಿರಲಿಲ್ಲ. ಸಂಜೆಯ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದರು. ನಷ್ಟದಲ್ಲಿ ಅರ್ಧ ಅಬ್ಬಾ ಅವರದು, ಉಳಿದರ್ಧ ಹಾಕಿದವರೆಲ್ಲರದು, ಹಾಕಿದ ಪ್ರಮಾಣದಲ್ಲಿ. ನಿಂಗಮ್ಮಳಿಗೆ ಎಷ್ಟು ಎಂದು ಯಾರೋ ಕೇಳಿದ್ದಕ್ಕೆ, ಅವಳು ಹಾಕಿದ್ದು ದುಡಿಮೆ, ಆ ದುಡಿಮೆ ಆಗಲೇ ನೀರಲ್ಲಿ ಹೋಗಿದೆ, ಇನ್ನೇನು ಕೇಳುತ್ತೀರಿ ಎಂದಳು ದಾದಿ. ಎತ್ತು ಉಳಿಯಿತು. ಆಪಾಳ ನಿಕಾಹ್ ಒಂದು ವರ್ಷ ಮುಂದೆ ಹೋಯಿತು.

ಮನೆಯಲ್ಲಿ ಮಾತ್ರ ಯಾವುದೂ ಇತ್ಯರ್ಥವಾಗಲಿಲ್ಲ. ಅಬ್ಬಾ ಅಮ್ಮಾಳ ಜೊತೆ ಮಾತು ಬಿಟ್ಟರು. ನೀರು ಬೇಕಾದರೆ ನನ್ನ ಕಡೆ ನೋಡಿ ನೀರು ಎನ್ನುತ್ತಿದ್ದರು. ಉಪ್ಪು ಕಡಿಮೆಯಾದರೆ ಸುಮ್ಮನೆ ಉಣ್ಣುತ್ತಿದ್ದರು. ಅಮ್ಮಾ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಹಾಕಿ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಊರ ಮುಂದೆ ಗಂಡನ ಮರ್ಯಾದೆ ತೆಗೆದೆ ಎಂದು ಆಪಾ ಅವಳನ್ನು ಚುಚ್ಚಿದಳು. ದಾದಿ ಇಬ್ಬರ ನಡುವೆ ಬಾಯಿ ಹಾಕಲಿಲ್ಲ. ಸತ್ಯ ಹೇಳಿದವರಿಗೆ ಮನೆಯಲ್ಲಿ ಸಕ್ಕರೆ ಹಂಚುತ್ತಾರೆ ಎಂಬ ಭ್ರಮೆ ಇದ್ದರೆ ಅದು ಆ ಮಳೆಗಾಲದಲ್ಲಿ ನನ್ನಿಂದ ಹೋಯಿತು. ಸತ್ಯ ಹೇಳಿದ ಮೇಲೂ ಮಾರನೆಯ ಬೆಳಿಗ್ಗೆ ಎದ್ದು ಅದೇ ಒಲೆ ಹಚ್ಚಬೇಕು ಎಂಬುದನ್ನು ಅಮ್ಮಾಳನ್ನು ನೋಡಿ ಕಲಿತೆ. ಮುಂದೆ ನಾನು ಶಾಲೆಯಲ್ಲಿ ಕೆಲಸ ಮಾಡಿದೆ, ಹತ್ತಾರು ಸಭೆಗಳಲ್ಲಿ ಕೂತೆ. ಬಾಯಿ ತೆರೆಯುವ ಮೊದಲು ಎಷ್ಟೋ ಸಲ ಆ ಹಿಟ್ಟಿನ ಕೈ ಕಣ್ಣ ಮುಂದೆ ಬಂದಿದೆ.

ಕಾಲುವೆಯ ನೀರು ಇರುವವರೆಗೆ ಹಗೇವು ಉಪಯೋಗಕ್ಕೆ ಬಾರದು ಎಂದು ಎಲ್ಲರಿಗೂ ಗೊತ್ತಾಗಿತ್ತು. ಹೊಸ ಸುಗ್ಗಿಯ ಮೊದಲು ಅದನ್ನು ಮುಚ್ಚಿದರು. ಅಬ್ಬಾ ಬಂಡಿಯಲ್ಲಿ ಮೊರಂ ಮಣ್ಣು ತಂದು ಅಂಗಳಕ್ಕೆ ಸುರಿದರು. ಅಮ್ಮಾ, ನಿಂಗಮ್ಮ ಬುಟ್ಟಿ ಹೊತ್ತರು. ಇನ್ನು ಮುಂದೆ ಕಾಳಿಗೆ ನಾವು ಮಕ್ಕಳು ಮಲಗುವ ಖೋಲಿ ಎಂದಾಯಿತು. ನೆಲಕ್ಕೆ ಫರಸಿ ಕಲ್ಲು ಹಾಕಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಚೀಲ. ಫರಸಿ ಹಾಕುವ ಮುನ್ನ ಅಬ್ಬಾ ಖೋಲಿಯ ಬಾಗಿಲಲ್ಲಿ ನಿಂತು, ಯಾರ ಹೆಸರೂ ಹಿಡಿಯದೆ, ಗೋಡೆಯ ಕಡೆ ನೋಡುತ್ತಾ ಹೇಳಿದರು:

“ಒಳಗ ಬಂದು ಒಮ್ಮಿ ನೆಲಾ ಮುಟ್ಟಿ ನೋಡು. ತೇವ ಅದ ಏನು?”

ಅಮ್ಮಾ ಒಳಗೆ ಹೋಗಿ ಮೂಲೆ ಮೂಲೆಗೆ ಅಂಗೈ ಊರಿ ನೋಡಿ, ಇಲ್ಲ, ಒಣಗಿದೆ ಎಂದಳು. ಆ ದಿನದ ಊಟದಲ್ಲಿ ಅಬ್ಬಾ ನೇರವಾಗಿ ಅವಳಿಗೇ ನೀರು ಕೇಳಿದರು. ಮಾತು ಮತ್ತೆ ಶುರುವಾದದ್ದು ಹೀಗೆ.

ಖೋಲಿಗೆ ಬೀಗ ಹಾಕುವ ಕದ ಬಂದ ಮೇಲೆ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆ ಎದ್ದಿತು. ಹಗೇವಿಗೆ ಕೀಲಿಯೇ ಇರಲಿಲ್ಲವಲ್ಲ. ದಾದಿಗೆ ಕಣ್ಣು ಮಂಜಾಗಿತ್ತು. ಕೆಲವರು ಅಬ್ಬಾ ಅವರ ಹೆಸರನ್ನೇ ಹೇಳಿದರು. ಅರ್ಧ ನಷ್ಟ ತುಂಬಿದ ಮನುಷ್ಯನ ಮೇಲೆ ಊರಿಗೆ ಸಿಟ್ಟಿರಲಿಲ್ಲ. ಶರಣಪ್ಪ ಬೇರೆ ಹೇಳಿದ:

“ತನ್ನ ಗಂಡನ ಮ್ಯಾಲ ಇದ್ದದ್ದು ಇದ್ದಂಗ ಹೇಳ್ಯಾಳ. ನಮ್ಮ ಮ್ಯಾಲೂ ಹೇಳ್ತಾಳ. ಕೀಲಿ ತಂಗಿ ಕೈಯಾಗ ಇರ್ಲಿ.”

ಅಬ್ಬಾ ತಲೆಯಾಡಿಸಿದರು. ಅಂದಿನಿಂದ ಕೀಲಿ ಅಮ್ಮಾಳ ಸೊಂಟಕ್ಕೆ ಬಂತು. ಅವಳು ತಂದ ಹೊಸ ಪದ್ಧತಿ ಒಂದೇ. ಕಾಳು ಒಯ್ಯುವವರ ಹೆಸರನ್ನು ಕೀಲಿ ಹಿಡಿದವರು ಎಲ್ಲರಿಗೂ ಕೇಳುವಂತೆ ಕರೆಯಬೇಕು, ಒಯ್ಯುವವರು ಎಲ್ಲರಿಗೂ ಕೇಳುವಂತೆ ಹೌದೆನ್ನಬೇಕು. ಸಾಲ ಸಾಕ್ಷಿಗಳ ಎದುರು ಆಗಬೇಕು ಎಂದು ದಾದಿ ಹೇಳುತ್ತಿದ್ದುದನ್ನು ಅವಳು ಹೀಗೆ ಜಾರಿಗೆ ತಂದಳು. ಸಂಘ ಈಗಲೂ ಇದೆ. ಜೋಳದ ಜೊತೆ ತೊಗರಿಯೂ ಸೇರಿದೆ, ಖೋಲಿಯ ಬದಲು ಊರ ನಡುವೆ ತಗಡಿನ ಶೆಡ್ಡು ಬಂದಿದೆ. ಮೊನ್ನೆ ಊರಿಗೆ ಹೋದಾಗ ನಿಂಗಮ್ಮಳ ಸೊಸೆ ಕೀಲಿ ಹಿಡಿದು ಹೆಸರು ಕರೆಯುತ್ತಿದ್ದಳು.

ಮರುವರ್ಷ ಆಪಾಳ ನಿಕಾಹ್ ಗೊತ್ತಾಯಿತು. ಅರ್ಧ ನಷ್ಟ ತುಂಬಿದ್ದರಿಂದ ನಮ್ಮ ಮನೆಯಲ್ಲಿ ಕಾಳು ಸಾಲುವಂತಿರಲಿಲ್ಲ, ನೆಂಟರು ಬರುವವರಿದ್ದರು. ಹಂಚುವ ದಿನ ಬೆಳಿಗ್ಗೆ ಅಬ್ಬಾ ಒಂದು ಚೀಲ ಹಿಡಿದು, ತಮ್ಮದೇ ಮನೆಯ ಅಂಗಳದಲ್ಲಿ, ಉಳಿದವರ ಹಿಂದೆ ಪಾಳಿಯಲ್ಲಿ ನಿಂತರು. ಶರಣಪ್ಪನ ಹೆಸರು ಕರೆದಾಯಿತು, ಅವನ ಹಿಂದಿನವರದೂ ಆಯಿತು. ಅಬ್ಬಾ ಅವರ ಸರದಿ ಬಂದಾಗ ಅಮ್ಮಾ ಅಳೆಯುವ ಡಬ್ಬಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಳು. ನಮ್ಮ ಕಡೆ ಹೆಂಗಸರು, ಯಾವ ಮತದವರೇ ಆಗಲಿ, ಗಂಡನ ಹೆಸರು ಹಿಡಿಯುತ್ತಿರಲಿಲ್ಲ. ನಮ್ಮ ತಂದೆಯನ್ನು ಅವಳು ಮಕ್ಕಳ ಅಬ್ಬಾ ಎನ್ನುತ್ತಿದ್ದಳು, ಇಲ್ಲವಾದರೆ ಅವರು. ಪಾಳಿಯಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬೇಕಾದರೆ ತಾನು ಕರೆಯುತ್ತೇನೆ ಎಂದು ನಿಂಗಮ್ಮ ಮುಂದೆ ಬಂದಳು. ಅಮ್ಮಾ ಬೇಡವೆಂದು ಕೈ ಮಾಡಿ, ಎಲ್ಲರ ಹೆಸರನ್ನು ಕರೆದಷ್ಟೇ ದನಿಯಲ್ಲಿ ಕರೆದಳು:

“ಖಾಸೀಮಸಾಬ.”

ಅಬ್ಬಾ ಚೀಲದ ಬಾಯಿ ಅಗಲಿಸಿ ಮುಂದೆ ಬಂದರು. ಹೆಂಡತಿಗೆ ಅವರು ಅಲ್ಲಿಯವರೆಗೆ ಬಹುವಚನ ಹಚ್ಚಿ ಮಾತಾಡಿದ್ದಿಲ್ಲ.

“ಹೌದ್ರಿ,” ಎಂದರು.